ಅತ್ತೆಗಾಗದ ನಕ್ಷತ್ರ

ಹನ್ನೆರಡು ರಾಶಿಗಳಲ್ಲಿ ಅತಿ ಮಂಕಾಗಿ ಕಾಣೋದು ಕಟಕ. ರಾಜರಾಜೇಶ್ವರಿನಗರದ ನಮ್ಮ ಟೆರೇಸಿನಿಂದ ಅದು ಕಾಣೋದೇ ಇಲ್ಲ ಅನ್ನಿ. ಫೆಬ್ರವರಿ ಕೊನೆಗೆ ರಾತ್ರಿ ಹತ್ತರ ಹೊತ್ತಲ್ಲಿ ನೆತ್ತಿಯ ಮೇಲೆ ನೋಡಿದರೆ ಒಂದು ಕಡೆ ಮಿಥುನದ ಜೋಡಿ ನಕ್ಷತ್ರ, ಇನ್ನೊಂದು ಕಡೆ ಸಿಂಹದ ಮಖಾ. ನಡುವೆ ಖಾಲಿ ಸೈಟು. ಆ ಖಾಲಿ ಸೈಟೇ ಕಟಕ. ಬೀದಿದೀಪ, ಮೈಸೂರು ರಸ್ತೆಯ ಬೆಳಕಿನ ಎದುರು ಅದರ ಆಟ ನಡೆಯಲ್ಲ.

ಅದರ ಮೇಲೆ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಚರ್ಚೆ. ತಂಗಿಯದು ಕಟಕ ರಾಶಿ, ಆಶ್ಲೇಷ ನಕ್ಷತ್ರ. ಆಶ್ಲೇಷದ ಹುಡುಗಿ ಅತ್ತೆಗೆ ಆಗಿಬರಲ್ಲ ಅನ್ನೋ ಮಾತು ನೀವೂ ಕೇಳಿರ್ತೀರಿ. ಫೋಟೊ ಇಷ್ಟ, ಓದು ಇಷ್ಟ, ಕೆಲಸ ಇಷ್ಟ. ಜಾತಕ ಕಳಿಸಿದ ಮಾರನೇ ದಿನ ಫೋನ್ ಎತ್ತಲ್ಲ. ಮ್ಯಾಟ್ರಿಮೊನಿ ಆ್ಯಪಿನಲ್ಲಂತೂ ನಕ್ಷತ್ರಕ್ಕೇ ಫಿಲ್ಟರ್ ಇದೆ. ಎಷ್ಟು ಮನೆಗಳಿಗೆ ಅವಳ ಪ್ರೊಫೈಲ್ ಕಾಣಿಸಲೇ ಇಲ್ಲವೋ. (ಇಂಥ ಫಿಲ್ಟರ್ ಬರೆಯೋದು ನನ್ನಂಥವರೇ. ಒಂದೇ ಸಾಲಿನ ಕೋಡ್.)

ಜನವರಿಯಲ್ಲಿ ಬ್ರೋಕರ್ ಒಬ್ಬರು ಪರಿಹಾರ ಹೇಳಿದರು: "ಅತ್ತೆ ಇಲ್ಲದ ಮನೆ ನೋಡೋಣ ಬಿಡಿ ಅಮ್ಮಾ." ಅಂದರೆ ತಾಯಿ ತೀರಿಕೊಂಡ ಹುಡುಗನನ್ನು ಹುಡುಕಬೇಕು. ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆಕಾಶದಲ್ಲಿ ನೋಡಿದರೆ, ಆಶ್ಲೇಷ ಎಂದು ಸಾಮಾನ್ಯವಾಗಿ ಗುರುತಿಸುವ ನಕ್ಷತ್ರಗಳು ಏಡಿಯ ಮೈಯಲ್ಲೇ ಇಲ್ಲ. ಪಕ್ಕದ ಹೈಡ್ರಾ ಎಂಬ ನೀರುಹಾವಿನ ತಲೆಯಲ್ಲಿವೆ. ನಮ್ಮವರೂ ಆಶ್ಲೇಷಕ್ಕೆ ಸರ್ಪವೇ ದೇವತೆ ಅಂದರು. ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸೋದು ಇದೇ ನಂಬಿಕೆಯಿಂದ. ಆ ತಲೆಯ ಒಂದು ನಕ್ಷತ್ರ, ಎಪ್ಸಿಲಾನ್ ಹೈಡ್ರೇ, ಸುಮಾರು 130 ಜ್ಯೋತಿರ್ವರ್ಷ ದೂರ. ಇವತ್ತು ಕಾಣೋ ಬೆಳಕು ಅಲ್ಲಿಂದ ಹೊರಟಾಗ ನಮ್ಮಜ್ಜಿಯೇ ಹುಟ್ಟಿರಲಿಲ್ಲ, ಇನ್ನು ತಂಗಿಯ ಅತ್ತೆ ಎಲ್ಲಿಂದ!

ಕುಣಿಗಲ್ ಹತ್ತಿರ ಸೋದರಮಾವನ ತೋಟಕ್ಕೆ ಹೋದಾಗ ಬೈನಾಕ್ಯುಲರ್ ಕೊಟ್ಟು ತಂಗಿಗೆ ಕಟಕ ತೋರಿಸಿದೆ. ಅದರ ನಡುವೆ ಮೋಡದ ಚೂರಿನಂತೆ ಕಾಣೋದು ಜೇನುಗೂಡು ಗುಚ್ಛ. ಗೆಲಿಲಿಯೊ ದೂರದರ್ಶಕದಲ್ಲಿ ಅಲ್ಲಿ ನಲವತ್ತರ ಆಸುಪಾಸು ನಕ್ಷತ್ರ ಕಂಡಿದ್ದ. ಈಗಿನ ಲೆಕ್ಕ ಸಾವಿರದ ಹತ್ತಿರ. ತುಂಬಾ ಹೊತ್ತು ನೋಡಿ, "ಅಣ್ಣಾ, ಇಷ್ಟೊಂದು ಇದೆಯಾ ಇಲ್ಲಿ?" ಅಂದಳು.

ಮಾವನಿಗೆ ನಕ್ಷತ್ರ ಅಂದರೆ ಮಳೆ. ಆಗಸ್ಟ್ ಮೊದಲೆರಡು ವಾರದ್ದು ಆಶ್ಲೇಷ ಮಳೆ. ಅದು ಕೈಕೊಟ್ಟರೆ ರಾಗಿ ಹೊಲ ಬಾಡುತ್ತೆ. "ಆಶ್ಲೇಷ ಬರಲಿ ಅಂತ ಊರೇ ಆಕಾಶ ನೋಡುತ್ತಲ್ಲಕ್ಕಾ, ಮನೆಗೆ ಬರೋದು ಮಾತ್ರ ಬೇಡ್ವಂತಾ?" ಅಂತ ಅಮ್ಮನನ್ನ ಕೇಳಿದ.

ಅಮ್ಮ ಏನೂ ಹೇಳಲಿಲ್ಲ. ಮೊನ್ನೆ ಮಾತ್ರ ತಂಗಿಯ ಪ್ರೊಫೈಲಿಗೆ ಒಂದು ಸಾಲು ಸೇರಿಸು ಅಂದಳು. ನಾನೇ ಟೈಪ್ ಮಾಡಿದೆ: ಅತ್ತೆ ಇರುವ ಮನೆಯೇ ಆಗಬೇಕು.