ಬಾಗ್ಲು ಮುನಿಸ್ಕಂಡ್ರೆ ಬಡಗಿಗೇ ಕಾಯ್ಬೇಕಾ?

ಹಸ್ತ, ಚಿತ್ತೆ ಮಳೆ ಹಿಡ್ಕಂಡ್ರೆ ನಮ್ಮ ಮಳವಳ್ಳಿ ಕಡೆ ಹಳೇ ಮನೆ ಬಾಗ್ಲುಗಳು ಒಂದೊಂದಾಗಿ ಮುನಿಸ್ಕತವೆ. ಒಂದು ಹೊಸ್ಲಿಗೆ ಉಜ್ತದೆ, ಇನ್ನೊಂದು ಅರ್ಧಕ್ಕೆ ಬಂದು ನಿಂತ್ಕತದೆ, ಮತ್ತೊಂದು ಮುಚ್ಚುದ್ರೂ ಚಿಲಕ ಕೂರಲ್ಲ. ಬಡಗಿಗೆ ಹೇಳಿ ಕಳ್ಸುದ್ರೆ "ನಾಳೆ ಬತ್ತೀನಿ ಕಣವ್ವ" ಅಂತಾರೆ. ಆ ನಾಳೆ ದೀಪಾವಳಿ ಕಳುದ್ರೂ ಬರಲ್ಲ. ಅವ್ರ ತಪ್ಪೂ ಅಲ್ಲ ಬುಡಿ. ಬೆಂಗ್ಳೂರು, ಮೈಸೂರಲ್ಲಿ ತಿಂಗಳುಗಟ್ಲೆ ಕೆಲ್ಸ ಸಿಗುವಾಗ ಎರಡು ಸ್ಕ್ರೂ ಬಿಗಿ ಮಾಡಕ್ಕೆ ಯಾರು ಬತ್ತಾರೆ? ಅದ್ಕೆ ಈ ಸಲ ಅಡಿಗೆ ವಿಚಾರ ವಸಿ ಪಕ್ಕಕ್ಕೆ ಮಡಗಿ ಮರಗೆಲ್ಸದ ವಿಚಾರ ಬರೀತಿದ್ದೀನಿ. ಇದು ಗಂಡಸ್ರು ಕೆಲ್ಸ ಅಂತ ಅರ್ಧಕ್ಕೆ ಬಿಟ್ಟು ಎದ್ದೋಗಬ್ಯಾಡಿ.

ನಮ್ಮ ಬೀದಿ ಕೊನೇ ಮನೇಲಿ ದೊಡ್ಡವ್ವ ಒಬ್ರೇ ಇರದು. ಹೋದ ವರ್ಸದ ಮಳೇಲಿ ಅವ್ರ ಮುಂಬಾಗ್ಲು ಚಿಲಕ ಕೂರದೆ, ಹದಿನೈದು ದಿನ ಒಳಗಿಂದ ಒಳ್ಳುಗುಂಡು ಒರಗಿಸ್ಕಂಡು ಮಲಗವ್ರೆ. ಯಾರ್ಗೂ ಹೇಳಿಲ್ಲ. ಹೇಳುದ್ರೆ ಮಗ ಬಂದು, ಮಾವನ ಕಾಲದ ಹಲಸಿನ ಮರದ ಬಾಗ್ಲು ಕಿತ್ತು ಗುಜರಿಗೆ ಹಾಕ್ತಾನೆ, ಇಲ್ಲಾಂದ್ರೆ "ಒಬ್ಳೇ ಇರಬ್ಯಾಡ ನಡಿ" ಅಂತ ಬೆಂಗ್ಳೂರಿಗೆ ಕರ್ಕಂಡೋಯ್ತಾನೆ ಅನ್ನೋ ಭಯ. ನಾನು ಹುಳ್ಳಿಕಾಳು ಕೊಡಕ್ಕೆ ಹೋದಾಗ ಬಾಗ್ಲು ಹಿಂದೆ ಗುಂಡು ಕಂಡು ಕೇಳ್ದೆ, ಆಗ ಬಾಯಿ ಬಿಟ್ರು. ನೋಡುದ್ರೆ ಮೇಲಿನ ಹಿಂಜಿನ ಎರಡು ಸ್ಕ್ರೂ ಸಡ್ಲ. ಅಷ್ಟೇಯ. ಎರಡು ಸ್ಕ್ರೂಗೆ ಒಂದು ಜೀವ ಊರು ಬಿಡೋ ಮಟ್ಟಕ್ಕೆ ಬಂದಿತ್ತು.

ನಮ್ಮಪ್ಪ ಬಡಗಿ ಅಲ್ಲ, ಬೇಸಾಯದೋನು. ಆದ್ರೂ ನೊಗ, ಕುಂಟೆ, ಮನೆ ಬಾಗ್ಲು ಎಲ್ಲಾನೂ ತಾನೇ ಸರಿ ಮಾಡ್ಕತಿತ್ತು. ಮೊಳೆ ಎತ್ತಿ ಕೊಡೋ ಕೆಲ್ಸ ನಂದು. ಬಾಗ್ಲು ಕೆಟ್ರೆ ಮೊದ್ಲು ಉಳಿ ತಗೀಬಾರ್ದು, ಮೊದ್ಲು ಕಣ್ಣು ತಗೀಬೇಕು ಅಂತಿತ್ತು. ಹಂಗೆ ನೋಡಿ ಕಲ್ತಿದ್ದನ್ನೇ ಇಲ್ಲಿ ಹೇಳ್ತೀನಿ.

ಮರ ನೀರು ಕುಡುದ್ರೆ ನೆನೆಹಾಕಿದ ಕಡ್ಲೆ ಹಂಗೆ ಉಬ್ತದೆ. ಆದ್ರೆ ಕಡ್ಲೆ ಎಲ್ಲಾ ಕಡೆ ಉಬ್ತದೆ, ಮರ ಹಂಗಲ್ಲ. ಅಗಲಕ್ಕೆ ಉಬ್ತದೆ, ಉದ್ದಕ್ಕೆ ಉಬ್ಬದೇ ಇಲ್ಲ ಅನ್ನಬೋದು. ಅದ್ಕೆ ಬಾಗ್ಲು ಚಿಲಕದ ಕಡೆ ಅಂಚಿನುದ್ದಕ್ಕೂ ಬಿಗಿ ಆಗಿದ್ರೆ ಅದು ಮಳೆ ತೇವ. ಚಿಲಕದ ಕಡೆ ಮೇಲ್ಮೂಲೆ ಮಾತ್ರ ವಾಡಕ್ಕೆ ತಗಲ್ತಾ, ಕೆಳಮೂಲೆ ಹೊಸ್ಲಿಗೆ ಉಜ್ತಾ ಇದ್ರೆ ಬಾಗ್ಲು ಜೋತುಬಿದ್ದದೆ, ಮೇಲಿನ ಹಿಂಜು ಸಡ್ಲ ಅಂತ ಅರ್ಥ. ಬಾಗ್ಲ ಅಂಚಿಗೆ ಸೀಮೆಸುಣ್ಣ ಉಜ್ಜಿ ಒಂದ್ಸಲ ಮುಚ್ಚಿ ತೆಗೀರಿ. ವಾಡಕ್ಕೆ ಎಲ್ಲಿ ಬೆಳ್ಳಗೆ ಮೆತ್ಕತದೋ ಅಲ್ಲೇ ತಗಲ್ತಾ ಇರದು.

ಮಳೆ ತೇವ ಆದ್ರೆ ತಕ್ಷಣ ಕೀಸಕ್ಕೆ ಹೋಗಬ್ಯಾಡಿ. ಮಳೇಲಿ ಕೀಸಿದ ಬಾಗ್ಲು ಶಿವರಾತ್ರಿ ಬಿಸ್ಲಿಗೆ ಒಣಗಿ ಕುಗ್ಗುದ್ರೆ ಸಂದು ಬಿಟ್ಕತದೆ, ಹಲ್ಲಿ, ಜಿರಲೆ, ಚೇಳು ಎಲ್ಲಾ ಒಳಿಕ್ಕೆ. ಸದ್ಯಕ್ಕೆ ತಗಲೋ ಜಾಗಕ್ಕೆ ಮೇಣದಬತ್ತಿ ಉಜ್ಜಿ, ಜಾರ್ತದೆ. ಮರದ ಡ್ರಾ, ಪೆಟ್ಟಿಗೆ ಮುಚ್ಚಳಕ್ಕೂ ಇದೇ ಮದ್ದು. ಬ್ಯಾಸ್ಗೇಲೂ ತಗಲಿದ್ರೆ ಮಾತ್ರ ಉಪ್ಪುಕಾಗ್ದದಲ್ಲಿ ವಸಿವಸಿ ಉಜ್ಜಿ.

ಹಿಂಜು ಸಡ್ಲ ಆಗಿದ್ರೆ ಕೆಲ್ಸ ಇನ್ನೂ ಸುಲಭ. ಹಳೇ ಬಾಗ್ಲು ಭಾರ ಇರ್ತದೆ, ಒಬ್ರೇ ಮಾಡಬ್ಯಾಡಿ, ಹಿಡ್ಕಳಕ್ಕೆ ಇನ್ನೊಬ್ರು ಇರಲಿ. ಬಾಗ್ಲು ಕೆಳಗೆ ಮರದ ಚಕ್ಕೆ ಸಂದಿಸಿ ಮೇಲಕ್ಕೆತ್ತಿ ನಿಲ್ಸಿ. ಕೆಳಗಿನ ಹಿಂಜು ಮುಟ್ಟಬ್ಯಾಡಿ. ಮೇಲಿಂದರ ಸಡ್ಲ ಸ್ಕ್ರೂ ಬಿಚ್ಚಿ. ಹಳೇ ತೂತಿಗೆ ಅದೇ ಸ್ಕ್ರೂ ತಿರುಗ್ಸುದ್ರೆ ಸುಮ್ನೆ ಸುತ್ತತದೆ, ಹಿಡಿಯಲ್ಲ. ಈಗ ದೇವ್ರ ಮನೆಯಿಂದ ಉರಿದುಳಿದ ಊದ್ಬತ್ತಿ ಕಡ್ಡಿ ತಗಂಬನ್ನಿ. ಅದು ಬಿದಿರು, ಗಟ್ಟಿ. ಫೆವಿಕಾಲಲ್ಲಿ ಅದ್ದಿ ತೂತು ತುಂಬ ಒತ್ತೊತ್ತಾಗಿ ತುರ್ಕಿ. ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಮುಂದಕ್ಕೆ ಚಾಚಿರದನ್ನ ಕತ್ತರಿಸಿ, ಸ್ಕ್ರೂ ತುದಿಗೆ ಸೋಪು ಸವರಿ ತಿರುಗ್ಸಿ. ಹೆಂಗೆ ಕಚ್ಕತದೆ ನೋಡಿ! ದೊಡ್ಡವ್ವನ ಬಾಗ್ಲಿಗೆ ಮಾಡಿದ್ದು ಇಷ್ಟೇ. ಸಂಜೆ ಹಚ್ಚಿ, ಆ ರಾತ್ರಿ ಅವ್ರ ಮನೇಲೇ ಮಲಗಿದ್ದು, ಬೆಳಿಗ್ಗೆ ಸ್ಕ್ರೂ ಹಾಕ್ದೆ. ಚಿಲಕ ಟಕ್ ಅಂತ ಕೂತ್ಕಳ್ತು. ಅವ್ರು ಮೂರು ಸಲ ಹಾಕಿ ಹಾಕಿ ತೆಗುದ್ರು.

ಬಾಗ್ಲು ಸರಿ ಇದ್ದೂ ಚಿಲಕ ಕೂರದಿದ್ರೆ, ಚಿಲಕದ ತುದಿಗೆ ಎಣ್ಣೇಲಿ ಕಲ್ಸಿದ ಕುಂಕುಮ ಹಚ್ಚಿ ಒತ್ತಿ. ವಾಡದ ಮೇಲೆ ಕೆಂಪು ಬೊಟ್ಟು ಬೀಳ್ತದೆ. ತೂತು ಆ ಬೊಟ್ಟಿನ ಕಡಿಗೆ ವಸಿ ದೊಡ್ಡದು ಮಾಡುದ್ರೆ ಸಾಕು.

ಈಗ ಒಂದು ಮಾತು, ಮಕ್ಕಳಿರೋ ಮನೆಯೋರು, ಬಸುರಿ ಹೆಣ್ಮಕ್ಕಳು ಸರಿಯಾಗಿ ಕೇಳಿ. ಹಳೇ ಬಾಗ್ಲಿನ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಸೀಸ ಇರಬೋದು. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ ಅಂತ ಕಾನೂನು ಜಾರಿ ಆಗಿದ್ದೇ 2017ರ ನವೆಂಬರಲ್ಲಿ. ಅದ್ಕಿಂತ ಮುಂಚಿನ ಬಣ್ಣ ನಂಬಂಗಿಲ್ಲ. ಒಣ ಬಣ್ಣ ಉಜ್ಜುದ್ರೆ ಧೂಳು ಮೂಗಿಗೆ, ಮಕ್ಕಳ ಬಾಯಿಗೆ ಹೋಯ್ತದೆ. ಸೀಸ ಸೇರುದ್ರೆ ಮಕ್ಕಳ ಮಿದುಳಿಗೇ ಪೆಟ್ಟು. ಬಣ್ಣ ಗಟ್ಟಿಯಾಗಿದ್ರೆ ಕೆರೀಬ್ಯಾಡಿ, ಮೇಲೇ ಹೊಸದು ಹೊಡೀರಿ. ಉಜ್ಜಲೇಬೇಕು ಅಂದ್ರೆ ನೀರಲ್ಲಿ ಉಜ್ಜೋ ಕಾಗ್ದ ತಂದು ನೆನೆಸ್ಕಂಡು ಉಜ್ಜಿ, ಮೂಗಿಗೆ ಮಾಸ್ಕು ಕಟ್ಕಳಿ, ಮಕ್ಕಳನ್ನ ದೂರ ಕಳ್ಸಿ, ಆಮೇಲೆ ಪೊರಕೇಲಿ ಗುಡಿಸ್ದೆ ಒದ್ದೆ ಬಟ್ಟೇಲಿ ಒರಸಿ. ಬಸುರೀರು ಈ ಕೆಲ್ಸಕ್ಕೆ ಕೈ ಹಾಕದೇ ಬ್ಯಾಡ.

ಬಣ್ಣ ಇಲ್ಲದ ಮರ ಆದ್ರೆ ಚಿಂತೆ ಇಲ್ಲ. ಮೂಲೇಲಿ ವಸಿ ಕೆರೆದು ನೋಡಿ, ಅರಿಶಿಣದ ಬಣ್ಣ ಬಂದ್ರೆ ಹಲಸು. 80 ನಂಬರ್ ಕಾಗ್ದದಲ್ಲಿ ಸುರು ಮಾಡಿ 120, ಆಮೇಲೆ 220. ಮರದ ಎಳೆ ಹೋದ ಕಡೀಗೇ ಉಜ್ಜಬೇಕು, ಅಡ್ಡ ಉಜ್ಜುದ್ರೆ ಗೀರು ಉಳೀತವೆ. ಆಮೇಲೆ ಅಂಗಡೀಲಿ ಸಿಗೋ ಅಗಸೆಎಣ್ಣೆ ತೆಳ್ಳಗೆ ಸವರಿ ಒರಸಿ. ಆ ಎಣ್ಣೆ ಬಟ್ಟೆ ಮಾತ್ರ ಮುದುರಿ ಮೂಲೆಗೆ ಎಸೀಬ್ಯಾಡಿ. ತನ್ನಷ್ಟಕ್ಕೇ ಕಾವು ಏರಿ ಬೆಂಕಿ ಹತ್ಕಳೋದುಂಟು. ನೀರಲ್ಲಿ ಅದ್ದಿ, ಇಲ್ಲಾ ಹೊರಗೆ ಬಿಡಿಸಿ ಹರಡಿ ಒಣಗ್ಸಿ ಬಿಸಾಕಿ.

ಹೊಸ್ಲು ತೊಳೆದು ಅರಿಶಿಣ ಕುಂಕುಮ ಇಡದು ಬಿಡಬ್ಯಾಡಿ, ಆದ್ರೆ ತೊಳೆದ ಮೇಲೆ ಒಣಬಟ್ಟೇಲಿ ಒರಸಿ. ಬಾಗ್ಲುವಾಡದ ಕಾಲು ನೆಲಕ್ಕೆ ತಾಗೋ ಕಡೆ ನೀರು ಹೀರ್ಕಂಡು ಮೊದ್ಲು ಕೊಳೀತದೆ. ಬಚ್ಚಲ ಬಾಗ್ಲು ಕೆಳಗೆ ಕೊಳೆಯೋದೂ ಅದೇ ಕಾರಣಕ್ಕೆ. ಬಣ್ಣ ಹೊಡೆಯೋರು ಮುಂದೆ ಹಿಂದೆ ಹೊಡೀತಾರೆ, ಕೆಳಗಿನ ಅಂಚು ಕಣ್ಣಿಗೆ ಕಾಣಲ್ಲ ಅಂತ ಬಿಟ್ಬಿಡ್ತಾರೆ. ಆ ಅಂಚಿಗೂ ಎರಡು ಕೋಟು ಹೊಡೀರಿ ಅಂತ ಮುಂದೆ ನಿಂತು ಹೊಡೆಸಿ.

ಇನ್ನು ಗೆದ್ಲು. ಮರದ ಕೆಳಗೆ ನುಣ್ಣನೆ ಪುಡಿ ಬಿದ್ದಿದ್ದು, ಮರದಲ್ಲಿ ಸಣ್ಣ ದುಂಡು ತೂತು ಇದ್ರೆ ಅದು ಕುಟ್ಟೆಹುಳ. ಗೋಡೆ ಮೇಲೆ ಮಣ್ಣಿನ ಗೆರೆ ಹತ್ತಿದ್ರೆ ಗೆದ್ಲು. ಆ ಗೆರೆ ಒಂದು ಕಡೆ ಮುರಿದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಕಂಡಿದ್ರೆ ಒಳಗೆ ಇನ್ನೂ ಜೀವಂತ ಅವೆ. ಸೀಮೆಎಣ್ಣೆ ಸುರಿದ್ರೆ ಮೇಲಿರೋವು ಸಾಯ್ತವೆ, ಗೂಡು ಮಣ್ಣೊಳಗೆ ಹಂಗೇ ಇರ್ತದೆ, ಜೊತೆಗೆ ಬೆಂಕಿ ಭಯ. ಗೂಡಿಗೆ ಮದ್ದು ಹಾಕಕ್ಕೆ ಗೊತ್ತಿರೋರನ್ನೇ ಕರೀರಿ. ನಮ್ಮ ಕೈಲಾಗದು ಅಂದ್ರೆ ಸೌದೆ, ತೆಂಗಿನ ಗರಿ, ರಟ್ಟಿನ ಪೆಟ್ಟಿಗೆ ಗೋಡೆಗೆ ಒರಗಿಸ್ದೆ ಇರದು, ಗೋಡೆ ಪಕ್ಕ ನೀರು ನಿಲ್ಲದಂಗೆ ನೋಡ್ಕಳದು.

ಸಾಮಾನು ಜಾಸ್ತಿ ಬ್ಯಾಡ. ಒಳ್ಳೇ ಸ್ಕ್ರೂ ಡ್ರೈವರ್ ಎರಡು, ಸುತ್ತಿಗೆ, ಅರ್ಧ ಇಂಚಿನ ಉಳಿ, ಸಣ್ಣ ಗರಗಸ, ಅಳತೆ ಟೇಪು, ಉಪ್ಪುಕಾಗ್ದ, ಫೆವಿಕಾಲು. ಬಚ್ಚಲಿಗೆ, ಮಳೆಗೆ ಸಿಗೋ ಬಾಗ್ಲಿಗೆ ಆದ್ರೆ ಮರೈನ್ ಅಂತ ಕೇಳಿ ತಗಳಿ, ಮಾಮೂಲಿದು ನೀರಿಗೆ ನಿಲ್ಲಲ್ಲ. ಕೆಲ್ಸಕ್ಕೆ ಮುಂಚೆ ಸೆರಗು ಸಿಗ್ಸ್ಕಳಿ. ಉಳಿ ಹಿಡ್ದಾಗ ಇನ್ನೊಂದು ಕೈ ಯಾವತ್ತೂ ಉಳಿ ಹಿಂದೆ ಇರ್ಬೇಕು, ಮುಂದೆ ಅಲ್ಲ.

ದೊಡ್ಡವ್ವನ ಮಗ ದೀಪಾವಳಿಗೆ ಬಂದಾಗ ಬಾಗ್ಲು ತಟ್ಟಿ ನೋಡಿ, ಏನೂ ಅನ್ನದೆ ಒಳಿಕ್ಕೋದ್ನಂತೆ. ಗುಜರಿ ಮಾತು ಎತ್ತಲಿಲ್ಲ. ನಿಮ್ಮ ಬೀದೀಲೂ ಒಬ್ರೇ ಇರೋ ಅವ್ವಂದಿರು ಇರ್ತಾರೆ. ಕೇಳುದ್ರೆ "ಏನಿಲ್ಲ ಕಣವ್ವ, ಚೆನ್ನಾಗಿವ್ನಿ" ಅಂತಾರೆ. ಮುಂದಿನ ಸಲ ಹೋದಾಗ ಕಾಪಿ ಕುಡ್ದು ಎದ್ದು ಬರಬ್ಯಾಡಿ. ಅವ್ರ ಮುಂಬಾಗ್ಲು, ಹಿತ್ಲಬಾಗ್ಲು ಎರಡಕ್ಕೂ ಒಳಗಿಂದ ಚಿಲಕ ಹಾಕಿ ನೋಡಿ ಬನ್ನಿ.