ಆಲ್ಪ್ಸ್ ಸರೋವರದಿಂದ ಕಡಲಿಗೆ: ಅಪ್ಪ ತಿದ್ದಿದ ಪ್ಲಾನ್

ಪ್ರವಾಸ ಅಂದ್ರೆ ನಾನು ಮೊದಲು ತೆರೆಯೋದು ಎಕ್ಸೆಲ್ ಶೀಟ್. ಸಾಫ್ಟ್‌ವೇರ್ ಕೆಲಸದ ಚಟ ಅನ್ನಿ. ಮ್ಯೂನಿಕ್‌ಗೆ ಬಂದು ಮೂರು ವರ್ಷ ಆದಮೇಲೆ ಅಪ್ಪ-ಅಮ್ಮ ಮೊದಲ ಸಲ ನನ್ನ ಮನೆಗೆ ಬರ್ತಾರೆ ಅಂತಾದಾಗಲೂ ಅದನ್ನೇ ಮಾಡಿದೆ.

ಅಪ್ಪ ಸುಮಾರು ಮೂವತ್ತು ವರ್ಷ ತೀರ್ಥಹಳ್ಳಿ–ಉಡುಪಿ ರೂಟಿನಲ್ಲಿ ಬಸ್ ಓಡಿಸಿದವರು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಅವರಿಗೆ ಅಂಗೈ ರೇಖೆಯಷ್ಟೇ ಪರಿಚಿತ. ಕಣ್ಣಿನ ತೊಂದರೆಯಿಂದ ನಾಲ್ಕು ವರ್ಷದ ಹಿಂದೆ ಸ್ಟೀರಿಂಗ್ ಬಿಟ್ಟರು. ಆಮೇಲೆ ಬೇರೆಯವರು ಓಡಿಸೋ ಗಾಡಿಯಲ್ಲಿ ಘಾಟಿ ಇಳಿಯೋದಿಲ್ಲ ಅಂತ ಹಠ ಹಿಡಿದು, ಮಂಗಳೂರಿನ ಮದುವೆಗಳನ್ನೂ ತಪ್ಪಿಸಿಕೊಂಡರು. ಅಮ್ಮನ ಕಥೆ ಬೇರೆ. ಡ್ರೈವರ್ ಹೆಂಡತಿ ಆದ್ರೂ ತಿರುವು ಶುರುವಾದ್ರೆ ವಾಂತಿ.

ಇಬ್ಬರಿಗೂ ಸರೋವರ, ಬೆಟ್ಟ, ಸಮುದ್ರ ಮೂರನ್ನೂ ಒಂದೇ ಓಟದಲ್ಲಿ ತೋರಿಸಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಸಿಕ್ಕಿದ್ದು ಸ್ಲೊವೇನಿಯಾ. ಚಿಕ್ಕ ದೇಶ. ಉತ್ತರದಲ್ಲಿ ಆಲ್ಪ್ಸ್, ನೈಋತ್ಯದ ಮೂಲೆಯಲ್ಲಿ ಏಡ್ರಿಯಾಟಿಕ್ ಸಮುದ್ರ. ಇಡೀ ದೇಶಕ್ಕೆ ಇರೋ ಕರಾವಳಿ 47 ಕಿ.ಮೀ. ಆಸುಪಾಸು ಅಷ್ಟೇ! ಬ್ಲೆಡ್ ಸರೋವರದಿಂದ ಕಡಲೂರು ಪಿರಾನ್‌ಗೆ ಹೈವೇಯಲ್ಲಿ ಸುಮಾರು 175 ಕಿ.ಮೀ., ಎರಡು ಗಂಟೆಯ ದಾರಿ. ನಾನು ಆರಿಸಿದ್ದು ಸುತ್ತು ದಾರಿ: ವ್ರ್ಶಿಚ್ ಘಾಟಿ ಹತ್ತಿ, ಸೋಚಾ ನದಿಯ ಪಕ್ಕದಲ್ಲೇ ಇಳಿದು ಕಡಲು ಸೇರೋದು. 250 ಕಿ.ಮೀ. ಆಸುಪಾಸು. ಒಂದೇ ದಿನ, ಎಂಟು ಸ್ಪಾಟ್, ಪ್ರತಿಯೊಂದಕ್ಕೂ ನಲವತ್ತು ನಿಮಿಷ.

ವಾಟ್ಸ್ಆ್ಯಪ್‌ನಲ್ಲಿ ಶೀಟ್ ಕಳಿಸಿದೆ. ರಾತ್ರಿ ಅಪ್ಪ ಫೋನ್ ಮಾಡಿದರು. "ಎಲ್ಲಾ ಸರಿ ಮಾರಾಯ, ಊಟಕ್ಕೆ ಎಲ್ಲಿ ನಿಲ್ಲಿಸ್ತೀಯ?"

ನನ್ನ ಶೀಟ್‌ನಲ್ಲಿ ಊಟದ ಕಾಲಂ ಇರಲೇ ಇಲ್ಲ.

"ಬಸ್ಸಿಗೆ ಟೈಮ್ ಹಾಕೋದು ಎಂಜಿನ್ ನೋಡಿ ಅಲ್ಲ, ಒಳಗೆ ಕೂತವರನ್ನ ನೋಡಿ. ನಿಮ್ಮಮ್ಮ ಎಷ್ಟು ತಿರುವು ತಡೀತಾಳೆ ಅಂತ ಲೆಕ್ಕ ಹಾಕಿದ್ಯಾ?"

ಲೆಕ್ಕ ಹಾಕಿರಲಿಲ್ಲ. ವ್ರ್ಶಿಚ್‌ನಲ್ಲಿ ಹೇರ್‌ಪಿನ್ ತಿರುವುಗಳು 50. ಹತ್ತುವಾಗ 24, ಇಳಿಯುವಾಗ 26. ಒಂದು ದಿನದ ಪ್ಲಾನ್ ಅವತ್ತೇ ಡಿಲೀಟ್ ಮಾಡಿ ಐದು ದಿನಕ್ಕೆ ಹರಡಿದೆ. ಎಂಟು ಸ್ಪಾಟ್‌ಗಳಲ್ಲಿ ಮೂರು ಹೋದವು. ಷ್ಕೋತ್ಸಿಯಾನ್ ಗುಹೆಗಳು 1986ರಲ್ಲೇ ಯುನೆಸ್ಕೊ ಪಟ್ಟಿ ಸೇರಿದಂಥವು, ಬಿಡೋಕೆ ಹೊಟ್ಟೆ ಉರೀತು. ಆದ್ರೆ ಒಳಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನ ಮಂಡಿಗೆ ಆಗೋದಿಲ್ಲ.

ಸೆಪ್ಟೆಂಬರ್‌ನಲ್ಲಿ ಹೊರಟೆವು. ಮೊದಲ ಎರಡು ರಾತ್ರಿ ಬೋಹಿನ್ ಸರೋವರದ ಹತ್ತಿರ, ಅಡುಗೆಮನೆ ಇರೋ ಬಾಡಿಗೆ ಮನೆಯಲ್ಲಿ. ಬ್ಲೆಡ್ ಅಲ್ಲಿಂದ ಅರ್ಧ ಗಂಟೆ. ನಡುವೆ ದ್ವೀಪ, ಅದರ ಮೇಲೆ ಚರ್ಚ್, 99 ಮೆಟ್ಟಿಲು. ಫೋಟೊದಲ್ಲಿ ನೀವೂ ನೋಡಿರ್ತೀರ. ಆದ್ರೆ ಅಮ್ಮನಿಗೆ ಇಷ್ಟವಾಗಿದ್ದು ಬೋಹಿನ್. ನಾಲ್ಕು ಕಿ.ಮೀ.ಗಿಂತ ಉದ್ದದ ನೀರು, ಸುತ್ತ ಬೆಟ್ಟ, ಗಲಾಟೆ ಕಡಿಮೆ. ಬುತ್ತಿ ಚಿತ್ರಾನ್ನ ಬಿಚ್ಚಿ ದಡದಲ್ಲಿ ಎರಡು ಗಂಟೆ ಕೂತೆವು. ಹಳೇ ಶೀಟ್ ಪ್ರಕಾರ ಅಷ್ಟರಲ್ಲಿ ಮೂರು ಸ್ಪಾಟ್ ಮುಗಿದಿರಬೇಕಿತ್ತು.

ಮೂರನೇ ದಿನ ಘಾಟಿ. ಕಾರಿನ ಹತ್ತಿರ ಸಣ್ಣ ಜಗಳ. ತಿರುವಿನಲ್ಲಿ ಮುಂದಿನ ಸೀಟಲ್ಲಿ ಕೂತು ದೂರಕ್ಕೆ ನೋಡಿದ್ರೆ ಹೊಟ್ಟೆ ತೊಳಸೋದು ಕಡಿಮೆ. ಹಾಗಾಗಿ ಮುಂದೆ ಅಮ್ಮ ಕೂರಬೇಕು ಅಂದೆ. ಅಪ್ಪ ಬಾಗಿಲು ಹಿಡಿದು ನಿಂತೇ ಇದ್ದರು. ಘಾಟಿಯಲ್ಲಿ ಅವರು ಹಿಂದಿನ ಸೀಟಲ್ಲಿ ಕೂತವರೇ ಅಲ್ಲ. ಕೊನೆಗೆ ಏನೂ ಮಾತಾಡದೆ ಹಿಂದೆ ಹೋಗಿ ಕೂತರು.

ಕ್ರಾನ್ಸ್ಕ ಗೋರದಿಂದ ಏರು ಶುರು. ಪ್ರತಿ ತಿರುವಿಗೂ ನಂಬರ್ ಬೋರ್ಡ್, ಅದರಲ್ಲೇ ಎತ್ತರ. ಈ ಕಡೆಯ ತಿರುವುಗಳಿಗೆ ಕಲ್ಲು ಹಾಸಿದೆ, ಒದ್ದೆಯಾದ್ರೆ ಜಾರುತ್ತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಈ ರಸ್ತೆ ಕಡಿದವರು ರಷ್ಯಾದ ಯುದ್ಧಕೈದಿಗಳು. 1916ರ ಹಿಮಕುಸಿತದಲ್ಲಿ ಸತ್ತವರ ನೆನಪಿಗೆ ದಾರಿ ಪಕ್ಕದಲ್ಲೇ ಮರದ ಪುಟ್ಟ ಚರ್ಚ್ ಇದೆ. ಅಲ್ಲಿ ಇಳಿದಾಗ ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು. "ರಸ್ತೆ ಮಾಡಿದವರು ಯಾರು ಅಂತ ನಮ್ಮ ಘಾಟೀಲಿ ನಾನು ಒಂದು ದಿನವೂ ಕೇಳಲಿಲ್ಲ ನೋಡು" ಅಂದರು.

1611 ಮೀಟರ್ ಎತ್ತರದ ತುದಿಯಲ್ಲಿ ಅರ್ಧ ಗಂಟೆ ನಿಂತೆವು. ಇಳಿಯುವಾಗ ನನ್ನ ಅಂಗೈ ಬೆವರುತ್ತಿತ್ತು. ಆಗ ಹಿಂದಿನಿಂದ ದನಿ ಬಂತು: "ಬ್ರೇಕ್ ಮೇಲೇ ಕಾಲಿಡಬೇಡ, ಸೆಕೆಂಡ್ ಗೇರ್‌ನಲ್ಲೇ ಇಳಿಸು. ಎದುರು ದೊಡ್ಡ ಗಾಡಿ ಬಂದ್ರೆ ತಿರುವಿಗೆ ಮುಂಚೆ ನಿಲ್ಲು." ಅಷ್ಟೇ. ಮತ್ತೆ ತ್ರೆಂತ ತಲುಪೋವರೆಗೂ ಅಪ್ಪ ಮಾತಾಡಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಅವರು ಕಿಟಕಿಯಿಂದ ಆಚೆ ನೋಡ್ತಿದ್ದರು. "ಮೂವತ್ತು ವರ್ಷ ಘಾಟೀಲಿ ರಸ್ತೆ ಮಾತ್ರ ನೋಡಿದೀನಿ ಕಣೋ, ಕಣಿವೆ ನೋಡಿದ್ದು ಇವತ್ತೇ" ಅಂದರು ಸಂಜೆ ಬೋವೆಟ್ಸ್‌ನಲ್ಲಿ ಕಾಫಿ ಕುಡಿಯುವಾಗ. ಅಮ್ಮ ಒಂದೇ ಒಂದು ಸಲ ಕಾರು ನಿಲ್ಲಿಸಿಸಿದ್ದು. ಅದೂ ಸೋಚಾ ನದಿಯ ಪಚ್ಚೆ ಬಣ್ಣ ನೋಡೋಕೆ.

ಮರುದಿನ ಕೋಬರಿಡ್‌ನ ಯುದ್ಧ ಮ್ಯೂಸಿಯಂ. 1917ರ ಕಪೊರೆಟ್ಟೊ ಯುದ್ಧ ನಡೆದ ಜಾಗ ಇದು. ಮುಂದೆ ಸೊಲ್ಕಾನ್‌ನಲ್ಲಿ 85 ಮೀಟರ್ ಅಗಲದ ಒಂದೇ ಕಲ್ಲಿನ ಕಮಾನಿರೋ ರೈಲು ಸೇತುವೆ. ಆಮೇಲೆ ಬೆಟ್ಟಗಳು ಚಪ್ಪಟೆಯಾಗಿ ದ್ರಾಕ್ಷಿ ತೋಟ ಬಂತು, ಗಾಳಿಯ ವಾಸನೆ ಬದಲಾಯ್ತು. "ಮಲ್ಪೆ ಬಂತು" ಅಂದರು ಅಮ್ಮ. ಪಿರಾನ್‌ನಲ್ಲಿ ಕಾರನ್ನು ಊರ ಹೊರಗೇ ಬಿಡಬೇಕು, ಒಳಗೆಲ್ಲ ನಡಿಗೆ. ಪಿಟೀಲು ವಾದಕ ತಾರ್ತೀನಿ ಹುಟ್ಟಿದ ಊರು. ಅವನ ಹೆಸರಿನ ಚೌಕ ಒಂದು ಕಾಲದಲ್ಲಿ ದೋಣಿ ನಿಲ್ಲುವ ಜಾಗವಾಗಿತ್ತಂತೆ.

ನೀವೂ ಹೊರಡೋದಾದ್ರೆ ನಾಲ್ಕು ಮಾತು. ಭಾರತದಿಂದ ಬರೋರಿಗೆ ಷೆಂಗೆನ್ ವೀಸಾ ಬೇಕು, ಕಾರು ಓಡಿಸೋರು ಇಲ್ಲಿನ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಸ್ಲೊವೇನಿಯಾದ ಹೈವೇಗೆ ಇ-ವಿನ್ಯೆಟ್ ಮುಂಚೆಯೇ ಕೊಳ್ಳಿ. ಬಾಡಿಗೆ ಕಾರಾದ್ರೆ ಗಡಿ ದಾಟಬಹುದಾ ಅಂತ ಮೊದಲೇ ಕೇಳಿ. ಚಳಿಗಾಲದಲ್ಲಿ ವ್ರ್ಶಿಚ್ ಮುಚ್ಚುತ್ತೆ, ಜುಲೈ-ಆಗಸ್ಟ್‌ನಲ್ಲಿ ತುಂಬಿ ತುಳುಕುತ್ತೆ. ಎಲ್ಲಕ್ಕಿಂತ ಮುಖ್ಯ, ಕಾರಿನಲ್ಲಿ ಯಾರಿಗೆ ಹೆಚ್ಚು ಕಷ್ಟವೋ ಅವರನ್ನ ಇಟ್ಟುಕೊಂಡು ಪ್ಲಾನ್ ಶುರು ಮಾಡಿ. ಸ್ಪಾಟ್ ಆಮೇಲೆ.

ಕೊನೇ ಸಂಜೆ ಬಂದರಿನ ಕಲ್ಲಿನ ಮೇಲೆ ಕೂತಿದ್ದೆವು. ವಾಪಸ್ ಹೈವೇ, ಬೇಗ ಮನೆ ಸೇರಬಹುದು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬಂದ ದಾರೀಲೇ ಹೋದ್ರೆ ಆಗಲ್ವಾ? ನಾನು ಹಿಂದೇನೇ ಕೂರ್ತೀನಿ."

ಶೀಟ್ ಮತ್ತೆ ತಿದ್ದಿದೆ.