ನಿದ್ದೆಯ ಸಾಕ್ಷಿ

ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯೊಂದನ್ನು ಏರಿಸಿ, ಹೃದಯದ ತಾಳ ಕೆಡಿಸುತ್ತಿದ್ದ ತಾವನ್ನು ಸುಟ್ಟು ಆರು ತಿಂಗಳಾದ ಮೇಲೆ, ವೈದ್ಯರು ಆ ವೃದ್ಧ ಉಪಾಧ್ಯಾಯರ ಎದೆಗೆ ತಂತಿಗಳನ್ನಂಟಿಸಿ ಹೋಲ್ಟರ್ ಯಂತ್ರವನ್ನು ಕೊರಳಿಗೆ ತೂಗಹಾಕಿದರು. 24 ಗಂಟೆ ಅದನ್ನು ಕಳಚುವಂತಿಲ್ಲ, ಸ್ನಾನವೂ ಕೂಡದು. ರೋಗಕ್ಕಿಂತ ಸ್ನಾನ ತಪ್ಪಿದ್ದೇ ಅವರಿಗೆ ಹೆಚ್ಚಿನ ದುಃಖವಾಯಿತು.

ಯಂತ್ರವೇನೋ ಹಗುರ. ಅಮೆರಿಕದ ಮೊಂಟಾನಾ ಸಂಸ್ಥಾನದ ನಾರ್ಮನ್ ಹೋಲ್ಟರರು 1940ರ ದಶಕದಲ್ಲಿ ರಚಿಸಿದ ಮೊದಲ ಯಂತ್ರವನ್ನು ಬೆನ್ನ ಮೇಲೆ ಹೊರಬೇಕಾಗಿತ್ತು. ಅದರ ತೂಕ ಸುಮಾರು 38 ಕಿಲೋಗ್ರಾಂ. ಅದನ್ನು ಹೊತ್ತವನ ಹೃದಯ ನೆಮ್ಮದಿಯಾಗಿ ಮಿಡಿದೀತೆ!

ಜೊತೆಗೆ ಒಂದು ದಿನಚರಿಯನ್ನೂ ಬರೆಯಬೇಕಾಗಿತ್ತು. ಉಪಾಧ್ಯಾಯರು ದುಂಡಗಿನ ಅಕ್ಷರಗಳಲ್ಲಿ ಬರೆದರು: ‘8-10, ಮಹಡಿ ಹತ್ತಿದೆ. 4-30, ಎದೆ ಹೊಡೆದುಕೊಂಡಿತು.’ ರಾತ್ರಿಯ ಸಾಲುಗಳು ಬರಿದಾಗಿದ್ದುವು. ಸೊಗಸಾದ ನಿದ್ದೆ ಬಂದಿತ್ತು.

ಯಂತ್ರ ಬೇರೆಯೇ ಸಾಕ್ಷಿ ನುಡಿಯಿತು. ನಾಲ್ಕೂವರೆಯ ಮಿಡಿತ ತ್ವರಿತವಾಗಿದ್ದರೂ ತಾಳ ತಪ್ಪಿರಲಿಲ್ಲ. ಪರಸ್ಥಳದಲ್ಲಿರುವ ಮಗಳ ಕರೆ ಬಂದ ಹೊತ್ತದು. ತಪ್ಪಿದ್ದು ನಡುರಾತ್ರಿ, ಹನ್ನೊಂದು ನಿಮಿಷ, ಆ ಸೊಗಸಾದ ನಿದ್ದೆಯಲ್ಲಿಯೇ.

ಸದ್ದಿಲ್ಲದೆ ತಾಳ ತಪ್ಪಿದಾಗಲೂ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಅದನ್ನು ತಡೆಯುವ ಗುಳಿಗೆಯಿಂದ ಬಿಡುಗಡೆಯಾದೀತೆಂದು ಅವರು ಆಸೆಪಟ್ಟಿದ್ದರು. ಗುಳಿಗೆ ಮುಂದುವರಿಯಲು ಎಪ್ಪತ್ತಾರರ ವಯಸ್ಸೇ ಸಾಕಾಗಿತ್ತು. ಈಗ ಈ ಸಾಕ್ಷಿಯೂ ಸೇರಿತು.

ಉಪಾಧ್ಯಾಯರು ದಿನಚರಿಯನ್ನು ಮತ್ತೊಮ್ಮೆ ನೋಡಿ, “ನಾನು ಬರೆದುದೂ ಸುಳ್ಳಲ್ಲವಷ್ಟೆ?” ಎಂದರು.